ಮಾರ್ಚ್ ತಿಂಗಳ ಕಪ್ಪತಗುಡ್ಡ

ಜುಲೈ ಬಂತೆಂದರೆ ನನ್ನ ಫೋನಿಗೆ ಕಪ್ಪತಗುಡ್ಡದ ಫೋಟೋಗಳು ಬರಲು ಶುರುವಾಗುತ್ತವೆ. ನೆತ್ತಿಯ ಮೇಲೆ ಮೋಡ, ಮೋಡದೊಳಗೆ ಅರ್ಧ ಮುಳುಗಿದ ಗಾಳಿ ಪಂಖ, ಕೆಳಗೆ ಹಸಿರು ಇಳಿಜಾರು, ಜರ್ಕಿನ್ ಹಾಕಿಕೊಂಡು ನಿಂತ ಹುಡುಗರು. ಜೊತೆಗೆ ಒಂದೇ ಮಾತು: ಉತ್ತರ ಕರ್ನಾಟಕದ ಸಹ್ಯಾದ್ರಿ. ಹುಬ್ಬಳ್ಳಿಯ ಆಫೀಸಿನಲ್ಲಿ ಗೆಳೆಯರು ಕೇಳುತ್ತಾರೆ, "ನಿಮ್ಮ ಅಜ್ಜಿ ಊರು ಅಲ್ಲೇ ಅಲ್ವಾ, ಯಾವಾಗ ಕರ್ಕೊಂಡು ಹೋಗ್ತೀರಿ?" ಕೇಳಿದರೆ ನನಗೆ ಖುಷಿಯೇ. ಎಷ್ಟೋ ವರ್ಷ ಗದಗ ಎಂದರೆ ಬರೀ ಬಿಸಿಲು, ಮೆಣಸಿನಕಾಯಿ ಎಂದುಕೊಂಡಿದ್ದವರು ಈಗ ಗುಡ್ಡ ನೋಡಲು ಬರುತ್ತಿದ್ದಾರೆ. ಆದರೆ ಆ ಹೊಗಳಿಕೆ ಕೇಳಿದಾಗೆಲ್ಲ ಒಳಗೆ ಏನೋ ಕಸಿವಿಸಿ. ಯಾಕೆ ಎಂದು ಬಹಳ ದಿನದಿಂದ ಯೋಚಿಸುತ್ತಿದ್ದೇನೆ. ಮಾರ್ಚ್‌ನಲ್ಲಿ ಈ ಪ್ರಶ್ನೆ ಯಾರೂ ಕೇಳುವುದಿಲ್ಲ. ಏಪ್ರಿಲ್‌ನಲ್ಲಂತೂ ಕೇಳುವುದೇ ಇಲ್ಲ. ಮಲೆನಾಡಿನ ಹಾಗೆ ಕಂಡಾಗ ಮಾತ್ರ ಗುಡ್ಡ ಚೆಂದ ಎಂದಾದರೆ, ವರ್ಷದ ಉಳಿದ ತಿಂಗಳು ಅಲ್ಲಿ ಏನೂ ಇಲ್ಲ ಎಂದ ಹಾಗಾಯಿತಲ್ಲ? ಈ ಗುಡ್ಡಕ್ಕೆ ಇದುವರೆಗೆ ಬಂದ ಕುತ್ತುಗಳೆಲ್ಲ ಬಂದದ್ದು ಆ 'ಏನೂ ಇಲ್ಲ' ಎಂಬ ನೋಟದಿಂದಲೇ ಎಂದು ನನಗನ್ನಿಸುತ್ತದೆ.

ನಮ್ಮ ಕಡೆಯ ಹಿರಿಯರು ಹಾಗೆ ನೋಡಿದವರಲ್ಲ. ಎಪ್ಪತ್ತು ಗಿರಿ ಸುತ್ತುವುದಕ್ಕಿಂತ ಕಪ್ಪತಗಿರಿ ನೋಡು ಎನ್ನುವ ಮಾತು ಸುತ್ತಲಿನ ಊರುಗಳಲ್ಲಿ ಎಲ್ಲರ ಬಾಯಲ್ಲೂ ಇದೆ. ಆ ಮಾತು ಹುಟ್ಟಿಸಿದವರಿಗೆ ಗುಡ್ಡ ಹನ್ನೆರಡೂ ತಿಂಗಳು ಕಣ್ಣೆದುರಿಗಿತ್ತು. ಗದಗಿನ ಹತ್ತಿರ ಬಿಂಕದಕಟ್ಟಿಯ ಬಳಿ ಎದ್ದು, ಮುಂಡರಗಿ ತಾಲೂಕಿನ ಸಿಂಗಟಾಲೂರಿನ ಕಡೆ ತುಂಗಭದ್ರೆಯ ದಂಡೆಗೆ ಇಳಿಯುವ ತನಕ 60 ಕಿ.ಮೀ.ಗೂ ಜಾಸ್ತಿ ಉದ್ದದ ಸಾಲು ಇದು. ಗದಗ, ಮುಂಡರಗಿ, ಶಿರಹಟ್ಟಿ ಮೂರೂ ತಾಲೂಕಿನವರು ಬೆಳಗ್ಗೆ ಎದ್ದು ಬಾಗಿಲು ತೆರೆದರೆ ಇದೇ ಕಾಣುತ್ತದೆ. ಡೋಣಿ, ಡಂಬಳ, ಕಡಕೋಳ, ಹಿರೇವಡ್ಡಟ್ಟಿ, ಅತ್ತಿಕಟ್ಟಿ ತಾಂಡಾ, ಇವೆಲ್ಲ ಗುಡ್ಡದ ಬುಡದಲ್ಲೋ ಮಗ್ಗುಲಲ್ಲೋ ಇರುವ ಊರುಗಳು. ಮಳೆ ಬರುತ್ತದೋ ಇಲ್ಲವೋ ಎಂದು ಇಲ್ಲಿನವರು ಮೊದಲು ನೋಡುವುದು ಮೇಲಿನ ಆಕಾಶವನ್ನಲ್ಲ, ಗುಡ್ಡದ ನೆತ್ತಿಯನ್ನು.

ಬುಡದಾಗ ಐತಿ

ನನ್ನ ಸೋದರಮಾವನ ಹೊಲ ಗುಡ್ಡದ ಅಂಚಿಗೇ ಇದೆ. ಮೇಲೆ ಮಸಾರಿ, ಅಂದರೆ ಕೆಂಪು ಮಣ್ಣು; ಸ್ವಲ್ಪ ಕೆಳಗಿಳಿದರೆ ಎರಿ, ಅಂದರೆ ಕಪ್ಪು ಮಣ್ಣು. ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕೆಂದು ಆ ಹೊಲದಲ್ಲಿ ಕುರಿ ನಿಲ್ಲಿಸುತ್ತಿದ್ದರು. ರಾತ್ರಿಯೆಲ್ಲ ಕುರಿ ಹೊಲದಲ್ಲಿ ಮಲಗಿದರೆ ಹಿಕ್ಕೆ, ಗಂಜಲ ಎಲ್ಲ ಭೂಮಿಗೆ. ಅದಕ್ಕೆ ಪ್ರತಿಯಾಗಿ ಕುರಿಯವರಿಗೆ ಕಾಳೋ ದುಡ್ಡೋ. ಪ್ರತಿ ವರ್ಷ ಬರುತ್ತಿದ್ದ ಕುರಿಗಾರ ಅಜ್ಜ ಒಬ್ಬರಿದ್ದರು. ನಾನು ಕಾಲೇಜಿನಲ್ಲಿದ್ದಾಗ ಒಂದು ಮಾರ್ಚ್ ತಿಂಗಳು ಅವರ ಹಿಂದೆ ಗುಡ್ಡದ ಕಡೆ ಹೋದೆ. ಹೋಗಲು ಕಾರಣವೇನೂ ಇರಲಿಲ್ಲ. ಪರೀಕ್ಷೆ ಮುಗಿದಿತ್ತು, ಮನೆಯಲ್ಲಿ ಕರೆಂಟ್ ಇರಲಿಲ್ಲ, ಸುಮ್ನೆ ಹೊರಟೆ.

ಹತ್ತು ಗಂಟೆಗೇ ಬಿಸಿಲು ನೆತ್ತಿ ಸುಡುತ್ತಿತ್ತು. ಇಳಿಜಾರಿನ ತುಂಬ ಒಣಗಿದ ಬಾದೆ ಹುಲ್ಲು, ಸೊಂಟದ ಮಟ್ಟಕ್ಕೆ. ನಡುನಡುವೆ ಎಲೆ ಉದುರಿಸಿ ನಿಂತ ದಿಂಡಲ, ಕಗ್ಗಲಿ, ತುಗ್ಗಲಿ. ಎಲ್ಲೋ ಒಂದೊಂದು ಮುತ್ತಲ ಗಿಡ ಮಾತ್ರ ಮೈತುಂಬ ಕೆಂಪು ಹೂ ಬಿಟ್ಟು ನಿಂತಿತ್ತು. ನನಗೆ ಬೇಜಾರಾಯಿತು. "ಅಜ್ಜಾ, ಗುಡ್ಡ ಪೂರಾ ಒಣಗಿ ಹೋಗೇತಲ್ಲ, ಕುರಿ ಏನ್ ತಿಂತಾವ?" ಎಂದೆ. ಅಜ್ಜ ನಿಂತರು. ಒಂದು ಹುಲ್ಲಿನ ಗಡ್ಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಿಂದ ಒಣ ದಂಟುಗಳನ್ನು ಆಚೀಚೆ ಸರಿಸಿದರು. ಮಣ್ಣಿಗೆ ಅಂಟಿದ ಹಾಗೆ, ಬೆರಳಿನಗಲ, ಹಸಿ ಹಸಿರು. "ಒಣಗಿಲ್ಲ ತಮ್ಮಾ. ಮ್ಯಾಲ ಒಣಗೇತಿ. ಬುಡದಾಗ ಐತಿ," ಎಂದರು. ಕುರಿಗಳು ಮೂತಿಯನ್ನು ಹುಲ್ಲಿನೊಳಗೆ ತೂರಿಸಿ ಅದನ್ನೇ ಕಿತ್ತು ತಿನ್ನುತ್ತಿದ್ದವು. ಅಲ್ಲಿಯವರೆಗೂ ಅವು ಒಣಹುಲ್ಲು ಮೇಯುತ್ತಿವೆ ಎಂದೇ ನಾನು ತಿಳಿದಿದ್ದೆ.

ಮುಂದೆ ಹೋದಂತೆ ಅವರು ಒಂದೊಂದೇ ತೋರಿಸುತ್ತ ಹೋದರು. ಈ ಮಗ್ಗುಲಲ್ಲಿ ಕವಳಿ ಕಂಟಿ, ಬೇಸಿಗೆ ಜೋರಾದ ಮೇಲೆ ಹಣ್ಣು. ಆ ದಿಬ್ಬದ ಮೇಲೆ ಪರಗಿ. ಬಂಡೆ ಸಂದಿಯಲ್ಲಿ ಸೀತಾಫಲ, ಅದು ಮಳೆಗಾಲ ಮುಗಿಯುವಾಗ. ಕೈಯಲ್ಲಿ ಉದ್ದನೆಯ ಬಿದಿರಿನ ಗಳ, ತುದಿಗೆ ಕಬ್ಬಿಣದ ಕೊಕ್ಕೆ. ಜಾಲಿ ಗಿಡದ ಕೊಂಬೆಗೆ ಕೊಕ್ಕೆ ಹಾಕಿ ಎರಡು ಸಲ ಜಗ್ಗಿದರೆ ಸಾಕು, ಕಾಯಿ ಉದುರುವ ಸಪ್ಪಳಕ್ಕೆ ಎಲ್ಲೆಲ್ಲೋ ಚದುರಿದ್ದ ಕುರಿಗಳೆಲ್ಲ ಓಡಿ ಬಂದವು. ಕೊಂಬೆ ಮುರಿಯದ ಹಾಗೆ ಜಗ್ಗಬೇಕು. ಮುರಿದರೆ ಮುಂದಿನ ವರ್ಷ ಆ ಕೊಂಬೆಯಲ್ಲಿ ಕಾಯಿ ಇಲ್ಲ. ಇದನ್ನು ಅವರು ನನಗೆ ಪಾಠದ ಹಾಗೆ ಹೇಳಲಿಲ್ಲ. ಒಮ್ಮೆ ನಾನು ಗಳ ಹಿಡಿದು ಜೋರಾಗಿ ಎಳೆದಾಗ ಕೈ ಹಿಡಿದು ನಿಲ್ಲಿಸಿದರು, ಅಷ್ಟೇ.

ಇಳಿದು ಬರುವಾಗ ಹೊಲದ ಪಕ್ಕದ ಹಳ್ಳದಲ್ಲಿ ಕೂತೆವು. ಹಳ್ಳ ಎಂದರೆ ಬರೀ ಉಸುಕು, ನೀರಿನ ಸುಳಿವೇ ಇಲ್ಲ. ಅಜ್ಜ ಒಂದು ಬಾಗಿನ ಹತ್ತಿರ ಉಸುಕನ್ನು ಕೈಯಿಂದಲೇ ತೋಡತೊಡಗಿದರು. ಮೊಣಕೈ ಆಳಕ್ಕೆ ಹೋಗುವಷ್ಟರಲ್ಲಿ ಉಸುಕಿನ ಬಣ್ಣ ಬದಲಾಯಿತು. ಕೆಂಪಗೆ ಕದಡಿದ ನೀರು ಜಿನುಗಿತು. ಅದನ್ನು ಬುತ್ತಿ ಡಬ್ಬಿಯ ಮುಚ್ಚಳದಿಂದ ಎತ್ತಿ ಚೆಲ್ಲಿದರು. ಮತ್ತೆ ಜಿನುಗಿತು, ಮತ್ತೆ ಚೆಲ್ಲಿದರು. ಆಮೇಲೆ ಬೀಡಿ ಹಚ್ಚಿಕೊಂಡು ಕೂತರು. ಬೀಡಿ ಮುಗಿಯುವುದರೊಳಗೆ ತಿಳಿನೀರು ನಿಂತಿತ್ತು. ಇದಕ್ಕೆ ನಮ್ಮ ಕಡೆ ವರ್ತಿ ಎನ್ನುತ್ತಾರೆ. ಕುಡಿದಾದ ಮೇಲೆ ಕುರಿ ತುಳಿಯಬಾರದೆಂದು ಸುತ್ತ ಮುಳ್ಳು ಇಟ್ಟರು. ಒಂದು ಕಡೆ ಮಾತ್ರ ಬಿಟ್ಟರು. "ಅದ್ಯಾಕ ಬಿಟ್ರಿ?" ಎಂದರೆ, "ರಾತ್ರಿ ನರಿ, ನವಲು ಬರ್ತಾವ," ಎಂದರು.

ಆ ನೀರು ಎಲ್ಲಿಯದು? ಹಿಂದಿನ ಹಸ್ತ, ಚಿತ್ತಿ ಮಳೆಯದು. ಐದು ತಿಂಗಳ ಹಿಂದೆ ಗುಡ್ಡದ ಮೇಲೆ ಬಿದ್ದದ್ದು.

ಬಂಡೆ ಮತ್ತು ನೀರು

ಗದಗ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ. ಅದರಲ್ಲೂ ಜೂನ್-ಜುಲೈನಲ್ಲಿ ನಮಗೆ ಸಿಗುವುದು ಗಾಳಿಯೇ ಜಾಸ್ತಿ. ಪಶ್ಚಿಮದ ಮಳೆಯೆಲ್ಲ ಘಟ್ಟದಲ್ಲೇ ಸುರಿದು, ಉಳಿದ ಹಗುರ ಮೋಡಗಳು ಬಯಲನ್ನು ದಾಟಿ ಬಂದು ಈ ಗುಡ್ಡಕ್ಕೆ ತಾಗುತ್ತವೆ. ಫೋಟೋದಲ್ಲಿ ಕಾಣುವುದು ಅವೇ ಮೋಡಗಳು. ಜಿಟಿಜಿಟಿ ಹನಿ ಉದುರಿಸುತ್ತವೆ, ಹುಲ್ಲು ಚಿಗುರುತ್ತದೆ. ಆದರೆ ಹಳ್ಳ ಹರಿದು ಕೆರೆ ತುಂಬಬೇಕಾದರೆ ಸೆಪ್ಟೆಂಬರ್, ಅಕ್ಟೋಬರ್ ತನಕ ಕಾಯಬೇಕು. ಆಗ ಬೀಳುವ ದಪ್ಪ ಮಳೆಯನ್ನು ತಡೆದು ನಿಲ್ಲಿಸುವ ಕೆಲಸ ಅದೇ ಹುಲ್ಲು, ಅದೇ ಕುರುಚಲು ಕಂಟಿಗಳದ್ದು. ನೀರು ಇಳಿಜಾರಿನಲ್ಲಿ ಓಡದೆ ಬೇರಿನ ಗುಂಟ ಇಳಿದು, ಬಂಡೆಯ ಬಿರುಕುಗಳಿಗೆ ಹೋಗಿ, ನಿಧಾನ ಕೆಳಗೆ ಜಿನುಗುತ್ತದೆ. ಡಂಬಳದ ಹಳೆಯ ಕೆರೆಗೆ ಗುಡ್ಡದ ನೀರೇ ಆಧಾರ. ಅದೇ ಊರಿನಲ್ಲಿ 12ನೇ ಶತಮಾನದ ದೊಡ್ಡಬಸಪ್ಪ ಗುಡಿ ಇದೆ. ಗರ್ಭಗುಡಿಯ ಹೊರಗೋಡೆ 24 ಮೂಲೆಗಳ ನಕ್ಷತ್ರದ ಆಕಾರದಲ್ಲಿದೆ. ಕಲ್ಯಾಣ ಚಾಲುಕ್ಯರ ಕಾಲದ ಅಷ್ಟು ನಾಜೂಕಿನ ಕೆಲಸ ನಡೆಯಬೇಕಾದರೆ ಊರಲ್ಲಿ ಅನ್ನ, ನೀರು, ವ್ಯಾಪಾರ ಎಲ್ಲ ಗಟ್ಟಿಯಾಗಿರಬೇಕಲ್ವಾ. ಕಡಿಮೆ ಮಳೆಯ ಈ ಸೀಮೆಯಲ್ಲಿ ಅದು ಸಾಧ್ಯವಾಗಿದ್ದರಲ್ಲಿ ಬೆನ್ನಿಗೆ ನಿಂತ ಗುಡ್ಡದ ಪಾಲೂ ಇದೆ ಎಂದು ನಾನು ನಂಬಿದ್ದೇನೆ. ಗುಡಿ ನೋಡಲು ಬಂದವರು ಕೆರೆಯ ಏರಿ ಹತ್ತಿ, ಗುಡ್ಡದ ಕಡೆ ಒಮ್ಮೆ ತಿರುಗಿ ನೋಡಬೇಕು.

ಇನ್ನು ಬಂಡೆ. ಇದು ಧಾರವಾಡ ಶಿಲಾವರ್ಗಕ್ಕೆ ಸೇರಿದ್ದು, 250 ಕೋಟಿ ವರ್ಷಕ್ಕಿಂತ ಹಳೆಯದು. ಸುತ್ತಲಿನ ಮೆತ್ತನೆಯ ಕಲ್ಲು ಸವೆದು ಬಯಲಾಯಿತು. ಕಬ್ಬಿಣದ ಅಂಶ ತುಂಬಿದ ಗಟ್ಟಿ ಪದರಗಳು ಸವೆಯದೆ ಸಾಲಾಗಿ ಉಳಿದವು. ಅದೇ ಇಂದಿನ ಏಣು. ಅಂದರೆ ಗುಡ್ಡವನ್ನು ನಿಲ್ಲಿಸಿರುವುದೂ ಅದಿರೇ, ಗುಡ್ಡದ ಮೇಲೆ ಕಣ್ಣು ಬೀಳಿಸಿರುವುದೂ ಅದಿರೇ. ಕಬ್ಬಿಣ, ಮ್ಯಾಂಗನೀಸ್ ಜೊತೆಗೆ ಚಿನ್ನವೂ ಇದೆ. ಇಪ್ಪತ್ತನೇ ಶತಮಾನದ ಶುರುವಿನಲ್ಲೇ ಬ್ರಿಟಿಷ್ ಕಂಪನಿಗಳು ಅತ್ತಿಕಟ್ಟಿ, ಕಬಲಾಯತಕಟ್ಟಿಯ ಕಡೆ ಚಿನ್ನಕ್ಕಾಗಿ ಅಗೆದಿದ್ದವು. ಅವರು ಬಿಟ್ಟು ಹೋದರು, ಆಸೆ ಮಾತ್ರ ಹೋಗಲಿಲ್ಲ. ಗಣಿಗಾರಿಕೆ ಬೇಕು ಎನ್ನುವವರ ಬಾಯಲ್ಲಿ ನಾನು ಕೇಳಿದ ವಾದ ಯಾವಾಗಲೂ ಒಂದೇ: ಅಲ್ಲೇನಿದೆ, ದೊಡ್ಡ ಮರವಿಲ್ಲ, ಆನೆ ಇಲ್ಲ, ಹುಲಿ ಇಲ್ಲ, ಬರೀ ಕಂಟಿ. ಆ ಕಂಟಿಯಲ್ಲೇ ತೋಳ, ಕತ್ತೆಕಿರುಬ, ಚಿರತೆ, ಚಿಗರಿ, ನಾಲ್ಕು ಕೊಂಬಿನ ಕೊಂಡಗುರಿ ಬದುಕುತ್ತವೆ. ತೋಳ, ಕತ್ತೆಕಿರುಬಗಳಿಗೆ ದಟ್ಟ ಕಾಡು ಬೇಕಾಗಿಲ್ಲ. ಅವುಗಳಿಗೆ ಬೇಕಾದದ್ದು ಇಂಥ ಬಯಲು, ಹುಲ್ಲು, ಕಲ್ಲಿನ ಸಂದು. ಔಷಧಿ ಗಿಡಗಳಂತೂ ನೂರಾರು ಬಗೆ. ನಾಟಿ ವೈದ್ಯರು ಇವತ್ತಿಗೂ ದೂರದೂರದಿಂದ ಬೇರು, ತೊಗಟೆಗಾಗಿ ಇಲ್ಲಿಗೆ ಬರುತ್ತಾರೆ. ಹಸಿರು ದಟ್ಟವಾಗಿದ್ದರೆ ಮಾತ್ರ ಕಾಡು ಎಂದು ಕಲಿತ ಕಣ್ಣಿಗೆ ಇದ್ಯಾವುದೂ ಕಾಣುವುದಿಲ್ಲ.

ಗಾಳಿ ಪಂಖಗಳ ಬಗ್ಗೆಯೂ ಒಂದು ಮಾತು. ಕಲ್ಲಿದ್ದಲು ಸುಡುವುದಕ್ಕಿಂತ ಗಾಳಿಯ ಕರೆಂಟ್ ಮೇಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಏಣಿನ ಗುಂಟ ಅವುಗಳನ್ನು ನಿಲ್ಲಿಸಲು ಇಳಿಜಾರು ಕೊರೆದು ದಾರಿ ಮಾಡಿದ್ದಾರೆ. ಮಳೆ ಬಂದಾಗ ಆ ದಾರಿಗಳೇ ಕಾಲುವೆಯಾಗಿ ಕೆಂಪು ಮಣ್ಣನ್ನು ಕೆಳಗಿನ ಹಳ್ಳಕ್ಕೆ ತರುತ್ತವೆ. ಇದನ್ನು ಬಯಲಿನಲ್ಲೇ ನಿಲ್ಲಿಸಬಹುದಿತ್ತಲ್ಲ ಎಂದು ಮಾಮಾ ಕೇಳಿದಾಗ ನನ್ನ ಹತ್ತಿರ ಉತ್ತರವಿರಲಿಲ್ಲ.

ಕೊಟ್ಟದ್ದು, ಕಿತ್ತುಕೊಂಡದ್ದು

2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಸುತ್ತ ಪೋಸ್ಕೋ ಉಕ್ಕಿನ ಕಾರ್ಖಾನೆ ಬರುತ್ತದೆ ಎಂದಾಗ ರೈತರು ಬೀದಿಗಿಳಿದರು. ಡಂಬಳ-ಗದಗ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು. ಹೋಗಲಿರುವುದು ಎರಿ ಹೊಲಗಳು. ಆದರೆ ಕಾರ್ಖಾನೆ ಬಂದರೆ ನಾಳೆ ಗುಡ್ಡಕ್ಕೂ ಕೈ ಹಾಕುತ್ತಾರೆ ಎಂಬ ಭಯ ನಮ್ಮ ಅಜ್ಜಿ ಊರಲ್ಲೂ ಇತ್ತು. ಆ ಯೋಜನೆಯನ್ನು ಸರ್ಕಾರ ಕೈಬಿಟ್ಟಿತು. ಅದರ ನಂತರದ ಕಥೆ ಈ ಕಡೆಯವರಿಗೆಲ್ಲ ಗೊತ್ತು: 2015ರಲ್ಲಿ ಗುಡ್ಡದ ಸುಮಾರು 17,800 ಹೆಕ್ಟೇರ್ ಭಾಗವನ್ನು ಸಂರಕ್ಷಿತ ಮೀಸಲು ಪ್ರದೇಶ ಎಂದು ಸಾರಿದರು. 2016ರಲ್ಲಿ ಅದೇ ಆದೇಶವನ್ನು ಹಿಂದೆ ಪಡೆದರು. 2017ರ ಫೆಬ್ರುವರಿಯಲ್ಲಿ ಗದಗಿನಲ್ಲಿ ಧರಣಿ ನಡೆಯಿತು, ಏಪ್ರಿಲ್‌ನಲ್ಲಿ ಮೀಸಲು ಪಟ್ಟ ವಾಪಸ್ ಬಂತು. 2019ರ ಮೇ ತಿಂಗಳಲ್ಲಿ 244 ಚದರ ಕಿ.ಮೀ. ವನ್ಯಜೀವಿ ಧಾಮವಾಯಿತು. ಅದನ್ನು ನೋಡಲು ಸ್ವಾಮೀಜಿ ಇರಲಿಲ್ಲ. 2018ರಲ್ಲೇ ಲಿಂಗೈಕ್ಯರಾಗಿದ್ದರು.

ಈ ಎರಡು ಪಟ್ಟಗಳ ನಡುವಿನ ವ್ಯತ್ಯಾಸ ನನಗೆ ಅರ್ಥವಾದದ್ದು ತಡವಾಗಿ, ಕಾನೂನಿನ ಪುಸ್ತಕ ಬಿಡಿಸಿದ ಮೇಲೆ. ಸಂರಕ್ಷಿತ ಮೀಸಲು ಎನ್ನುವುದನ್ನು ವನ್ಯಜೀವಿ ಕಾಯ್ದೆಗೆ ಸೇರಿಸಿದ್ದು 2002ರ ತಿದ್ದುಪಡಿ. ಅದನ್ನು ಸಾರುವ ಮುಂಚೆ ಸ್ಥಳೀಯರ ಜೊತೆ ಸಮಾಲೋಚನೆ ಆಗಬೇಕು. ನೋಡಿಕೊಳ್ಳುವ ಸಮಿತಿಯಲ್ಲಿ ಆ ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬರು ಇರಬೇಕು. ಅಂದರೆ ಊರಿನವರಿಗೆ ಒಂದು ಕುರ್ಚಿ ಇತ್ತು. ಆದರೆ ರಾಜ್ಯ ಸರ್ಕಾರ ಮನಸ್ಸು ಬದಲಿಸಿದರೆ ಒಂದು ಆದೇಶದಲ್ಲಿ ಹೋಗುವಂಥದ್ದು ಎಂದು 2016ರಲ್ಲಿ ಕಂಡೆವು. ವನ್ಯಜೀವಿ ಧಾಮ ಹಾಗಲ್ಲ. ಅದರ ಗಡಿ ಬದಲಿಸಬೇಕಾದರೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಶಿಫಾರಸು ಬೇಕು. ಹೀಗಾಗಿ ಇದು ಗಟ್ಟಿ. ಗುಡ್ಡಕ್ಕಾಗಿ ಓಡಾಡಿದವರು ಈ ಗಟ್ಟಿತನವನ್ನು ಬಯಸಿದ್ದು ಸರಿಯೇ. ನಾನೂ ಅಂದು ಪೇಡೆ ಹಂಚಿದವನು. ಆದರೆ ಗುಡ್ಡ ಗಟ್ಟಿಯಾಗುತ್ತ ಹೋದ ಹಾಗೆ ಊರಿನವರ ಕುರ್ಚಿ ಹಿಂದೆ ಸರಿಯಿತು.

ಅಜ್ಜನ ಮಗ

ಕುರಿಗಾರ ಅಜ್ಜ ಈಗಿಲ್ಲ. ಅವರ ಮಗ ಕುರಿ ಬಿಟ್ಟಿಲ್ಲ. ಹೋದ ಬೇಸಿಗೆಯಲ್ಲಿ ಸಿಕ್ಕಿದ್ದ. ತಂದೆ ಹೋಗುತ್ತಿದ್ದ ದಾರಿಯಲ್ಲೇ ಗುಡ್ಡ ಹತ್ತಲು ಹೋದಾಗ ಹೊಸ ಕಾವಲುಗಾರ ಹುಡುಗನೊಬ್ಬ ತಡೆದನಂತೆ. ಬೈಯಲಿಲ್ಲ, ಹೊಡೆಯಲಿಲ್ಲ. "ಮ್ಯಾಲಿನವರು ಹೇಳ್ಯಾರ ಕಾಕಾ, ನನ್ನ ನೌಕ್ರಿ ಹೊಕ್ಕೇತಿ," ಎಂದು ಕೈಮುಗಿದನಂತೆ. ಈಗ ಇವನು ಕುರಿಗಳನ್ನು ಡಾಂಬರು ರಸ್ತೆಯ ಗುಂಟ ಸುತ್ತಿಸಿಕೊಂಡು ಹೋಗುತ್ತಾನೆ. ಕಬ್ಬು, ಗೋವಿನಜೋಳ ಹೆಚ್ಚಾದ ಕಡೆ ಬೀಳು ಭೂಮಿಯೇ ಉಳಿದಿಲ್ಲ. ಲಾರಿಗೆ ಸಿಕ್ಕು ಮೂರು ಕುರಿ ಸತ್ತದ್ದನ್ನು ಹೇಳುವಾಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಜಾಸ್ತಿ ನೋವಾದದ್ದು. ಗುಡ್ಡ ಉಳಿಸಬೇಕು ಎಂದು ಗದಗಿಗೆ ಟ್ರ್ಯಾಕ್ಟರ್‌ನಲ್ಲಿ ಹೋಗಿ ಬಂದವರಲ್ಲಿ ಅವನೂ ಒಬ್ಬ.

ಮಿತಿ ಮೀರಿ ಕುರಿ ಬಿಟ್ಟರೆ ಸಸಿ ಉಳಿಯುವುದಿಲ್ಲ, ಇದು ನಿಜ. ಹೊಸ ಹುಲ್ಲು ಬೇಗ ಬರಲಿ ಎಂದು ಯಾರೋ ಬೆಂಕಿ ಇಡುವುದೂ ಉಂಟು. ಒಣಗಿದ ಬಾದೆ ಹುಲ್ಲಿಗೆ ಒಂದು ಕಿಡಿ ಬಿದ್ದು ಗಾಳಿ ಎದ್ದರೆ ರಾತ್ರಿಯೆಲ್ಲ ಏಣಿನ ಗುಂಟ ಬೆಂಕಿಯ ಗೆರೆ ಓಡುತ್ತದೆ. ನೆಲದಲ್ಲಿ ಮೊಟ್ಟೆ ಇಡುವ ಹಕ್ಕಿ, ಆಗಷ್ಟೇ ಮೊಳೆತ ಗಿಡ, ಎಲ್ಲ ಹೋಗುತ್ತವೆ. ಆಮೇಲೆ ಬೀಳುವ ಮೊದಲ ಮಳೆಗೆ ಬೂದಿ, ಮಣ್ಣು ಎರಡೂ ಇಳಿದು ಕೆರೆಗೆ ಹೂಳು. ಆದರೆ ಆ ಬೆಂಕಿಯನ್ನು ಮೊದಲು ನೋಡುವವನು ಯಾರು? ಗುಡ್ಡದಲ್ಲಿ ತಿರುಗಾಡುವ ಕುರಿಯವನೇ. ಸೊಪ್ಪಿನ ಕೊಂಬೆ ಹಿಡಿದು ಬಡಿಯಲು ಮೊದಲು ಓಡುವವನೂ ಅವನೇ. ಅವನನ್ನು ಹೊರಗಿಟ್ಟರೆ ಗುಡ್ಡಕ್ಕೆ ಅಷ್ಟು ಕಣ್ಣು ಕಡಿಮೆ. ತೋಳದ ವಿಷಯವೂ ಹಾಗೇ. ಅದು ಕುರಿಮರಿ ಎತ್ತಿಕೊಂಡು ಹೋಗುತ್ತದೆ, ಕುರಿಯವರು ಶಾಪ ಹಾಕುತ್ತಾರೆ, ಆದರೂ ಇಷ್ಟು ಶತಮಾನ ಒಂದೇ ನೆಲದಲ್ಲಿ ಇಬ್ಬರೂ ಬದುಕಿದ್ದಾರೆ.

ಕಾನೂನು ಕೂಡ ಬಾಗಿಲನ್ನು ಪೂರ್ತಿ ಮುಚ್ಚಿಲ್ಲ. ರಾಷ್ಟ್ರೀಯ ಉದ್ಯಾನದಲ್ಲಿ ದನಕುರಿ ಮೇಯಿಸುವಂತಿಲ್ಲ. ವನ್ಯಜೀವಿ ಧಾಮದಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರು ಮೇಯಿಸುವುದನ್ನು ನಿಯಂತ್ರಿಸಿ ಅವಕಾಶ ಕೊಡಬಹುದು. ಯಾವ ಮಗ್ಗುಲು, ಯಾವ ತಿಂಗಳು, ಎಷ್ಟು ಕುರಿ ಎಂದು ಕುರಿಯವರನ್ನು ಕೂರಿಸಿಕೊಂಡು ಬರೆದರೆ ಆಗುವ ಕೆಲಸ ಇದು. ಧಾಮದ ಸುತ್ತ ಗಣಿ, ಕ್ವಾರಿಯಂಥ ಕೆಲಸಕ್ಕೆ ಕಡಿವಾಣ ಹಾಕುವ ಪರಿಸರ ಸೂಕ್ಷ್ಮ ವಲಯ ಒಂದು ಕಿ.ಮೀ. ಇರಬೇಕೋ ಹತ್ತು ಕಿ.ಮೀ. ಇರಬೇಕೋ ಎಂಬ ಜಗ್ಗಾಟದಲ್ಲಿ ಕಲ್ಲುಕ್ವಾರಿಗಳ ಲೆಕ್ಕ ಎಲ್ಲರ ಬಾಯಲ್ಲಿದೆ. ನಾನು ಹತ್ತು ಕಿ.ಮೀ. ಪರ. ಆದರೆ ಆ ಹತ್ತು ಕಿ.ಮೀ. ಒಳಗೆ ಕ್ವಾರಿಗೂ ಕುರಿದಾರಿಗೂ ಒಂದೇ ನಿಯಮ ಆಗಬಾರದು.

ಇದನ್ನೆಲ್ಲ ಊಟಕ್ಕೆ ಕೂತಾಗ ತಂಗಿಗೆ ಹೇಳಿದೆ. ಅವಳು ಶಾಲೆಯಲ್ಲಿ ಕಲಿಸುತ್ತಾಳೆ. ಅವರ ಶಾಲೆಯಿಂದ ಪ್ರತಿ ವರ್ಷ ಆಗಸ್ಟ್‌ನಲ್ಲಿ ಮಕ್ಕಳನ್ನು ಗುಡ್ಡದ ಮೇಲಿನ ಕಪ್ಪತ ಮಲ್ಲೇಶ್ವರ ಗುಡಿಯ ತನಕ ಕರೆದುಕೊಂಡು ಹೋಗುತ್ತಾರೆ. ಈ ಸಲ ಆಗಸ್ಟ್ ಜೊತೆಗೆ ಮಾರ್ಚ್ ಶುರುವಿನಲ್ಲೂ ಒಂದು ದಿನ ಹೋಗೋಣ ಎಂದು ಅವಳು ಹೆಡ್‌ಮಾಸ್ತರರನ್ನು ಒಪ್ಪಿಸಿದ್ದಾಳೆ. ಬೆಳಗ್ಗೆ ಆರಕ್ಕೆ ಹೊರಟು ಹತ್ತರೊಳಗೆ ಇಳಿಯಬೇಕು, ಅರಣ್ಯ ಇಲಾಖೆಗೆ ಅರ್ಜಿ ಕೊಡಬೇಕು. ಮೊದಲು ಡಂಬಳದ ಕೆರೆ ಏರಿ, ಆಮೇಲೆ ಇಳಿಜಾರಿನ ಹುಲ್ಲು, ಕೊನೆಗೆ ಮಾಮಾನ ಹೊಲದ ಹಳ್ಳ. ತೋರಿಸಲು ಅಜ್ಜನ ಮಗನನ್ನು ಕೇಳಿದೆವು. ಒಪ್ಪಿಕೊಂಡ. ಫೋನಿನಲ್ಲಿ ತಂಗಿಗೆ ಎರಡೇ ಮಾತು ಹೇಳಿದ. "ಅಕ್ಕಾರ, ಹುಡುಗರು ಮನಿಂದ ನೀರು ತರ್ಲಿ. ವರ್ತಿ ತೋಡಿ ತೋರಸ್ತೀನಿ, ಒಂದೊಂದ ಗುಟುಕು ಕುಡೀಲಿ. ಮತ್ತ ಜಾಲಿಕಾಯಿ ಉದುರೋ ವಾರ ಇಟಗೊಬ್ಯಾಡ್ರಿ, ಆವಾಗ ನನಗ ಪುರಸೊತ್ತ ಇರಂಗಿಲ್ಲ."